ಕೈಬಂದೂಕಿನ ಅಳತೆಯೂ ಕೀಲಿನ ಪಕ್ಕವೂ: ಟೀಪೂ ಸುಲ್ತಾನನ ಜೋಡಿ ಪಿಸ್ತೂಲುಗಳನ್ನು ಓದುವ ಬಗೆ

೧. ವಿಷಯ ಪ್ರವೇಶ

ಆಯುಧಗಳನ್ನು ನಮ್ಮ ಇತಿಹಾಸಕಾರರು ಬಹುಮಟ್ಟಿಗೆ ಎರಡು ರೀತಿಯಲ್ಲಿ ನೋಡುತ್ತ ಬಂದಿದ್ದಾರೆ. ಯುದ್ಧದ ಕಥೆಯನ್ನು ಹೇಳುವಾಗ ಅವು ಎಣಿಕೆಯ ವಸ್ತುಗಳು: ಇಷ್ಟು ಫಿರಂಗಿ, ಇಷ್ಟು ಬಂದೂಕು, ಇಷ್ಟು ಮಣ ಮದ್ದು. ವಸ್ತುಸಂಗ್ರಹಾಲಯದ ಮಾತು ಬಂದಾಗ ಅವು ಅಲಂಕಾರದ ವಸ್ತುಗಳು: ಬೆಳ್ಳಿಯ ಕುಸುರಿ, ಹುಲಿಯ ಮುಖ, ಪಾರಸಿಯ ಬರಹ. ಆದರೆ ಆಯುಧವೆಂಬುದು ಮೊದಲಿಗೆ ಒಂದು ಉಪಕರಣ. ಅದನ್ನು ಹಿಡಿಯುವುದಕ್ಕೆ ಒಂದು ಕೈ ಬೇಕು. ಆ ಕೈಗೆ ಒಂದು ಅಳತೆಯುಂಟು, ಎಡ ಅಥವಾ ಬಲವೆಂಬ ಒಂದು ಪಕ್ಕವುಂಟು. ಈ ಸರಳ ಸಂಗತಿಯು ಮೇಲಿನ ಎರಡು ದೃಷ್ಟಿಗಳ ನಡುವೆ ಮರೆಯಾಗಿಬಿಡುತ್ತದೆ. ಅದನ್ನು ಮುಂದಿಟ್ಟುಕೊಂಡು, ಒಂದೇ ಕೈಯಲ್ಲಿ ಹಿಡಿದು ಹಾರಿಸುವ ಚಿಕ್ಕ ಬಂದೂಕನ್ನು, ಎಂದರೆ ಪಿಸ್ತೂಲನ್ನು, ಇತಿಹಾಸದ ಸಾಕ್ಷ್ಯವಾಗಿ ಹೇಗೆ ಓದಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲುಗಳ ಮೂಲಕ ಪೂರ್ವದ ಘಟ್ಟಗಳನ್ನು ಇಳಿಯುವ ಹಳೆಯ ಮದ್ರಾಸು ರಸ್ತೆಯ ಸೀಮೆಯು ಹದಿನೆಂಟನೆಯ ಶತಮಾನದಲ್ಲಿ ಸೈನ್ಯಗಳು ಮತ್ತೆ ಮತ್ತೆ ತುಳಿದ ನೆಲ. ಹೈದರಾಲಿಯು ಹುಟ್ಟಿದ ಬೂದಿಕೋಟೆ ಇದೇ ಕೋಲಾರ ಜಿಲ್ಲೆಯಲ್ಲಿದೆ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲಿದೆ. ೧೭೬೮ರ ಅಕ್ಟೋಬರ್ ೪ರಂದು ಮುಳಬಾಗಿಲಿನ ಬಳಿ ಹೈದರನಿಗೂ ಕರ್ನಲ್ ವುಡ್ಡನ ಪಡೆಗೂ ಕಾಳಗವಾಯಿತು. ೧೭೯೧ರಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಮುಗಳಿ ಘಟ್ಟವನ್ನು ಹತ್ತಿ, ಕೋಲಾರ ಮತ್ತು ಹೊಸಕೋಟೆಗಳನ್ನು ವಶಪಡಿಸಿಕೊಂಡು, ಮಾರ್ಚ್ ೨೧ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದನು. ಅವನೊಡನೆ ಕರ್ನಲ್ ಫ್ಲಾಯ್ಡನ ಕುದುರೆಪಡೆಯಿತ್ತು; ಅದರಲ್ಲಿ ೧೯ನೆಯ ಲೈಟ್ ಡ್ರಾಗೂನ್ ದಳವೂ ಸೇರಿತ್ತು. ತಡಿಯ ಮುಂಭಾಗದಲ್ಲಿ ಪಿಸ್ತೂಲಿನ ಒರೆಯನ್ನು ತೂಗುಹಾಕಿಕೊಂಡ ಸವಾರರು ಈ ಬಯಲಿನಲ್ಲಿ ನಡೆದುಹೋದರು. ಎದುರುಪಕ್ಷದ ದೊರೆಯಾದ ಟೀಪೂ ಸುಲ್ತಾನನಾದರೋ ತನ್ನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಬೇರೊಂದು ಬಗೆಯ ಪಿಸ್ತೂಲುಗಳನ್ನು ಮಾಡಿಸಿಕೊಂಡಿದ್ದನು. ಅವುಗಳಲ್ಲಿ ಒಂದು ವಿಶೇಷವುಂಟು: ಜೋಡಿಯಲ್ಲಿ ಒಂದರ ಕೀಲು ಬಲಪಕ್ಕದಲ್ಲಿದ್ದರೆ ಇನ್ನೊಂದರ ಕೀಲು ಎಡಪಕ್ಕದಲ್ಲಿದೆ. ಈ ವಿಶೇಷದ ಅರ್ಥವೇನು? ಟೀಪೂ ಎಡಚನಾಗಿದ್ದನೆ? ಪ್ರಶ್ನೆ ಚಿಕ್ಕದು, ಆದರೆ ಉತ್ತರ ಹೇಳುವ ದಾರಿಯಲ್ಲಿ ವಿದ್ಯಾರ್ಥಿಯು ಕಲಿಯಬೇಕಾದುದು ಬಹಳವಿದೆ.

೨. ಅಳತೆ ಎಂದರೇನು?

ಪಿಸ್ತೂಲು ದೊಡ್ಡದೋ ಚಿಕ್ಕದೋ ಎಂದು ಕೇಳಿದಾಗ ಸಾಮಾನ್ಯವಾಗಿ ನಳಿಗೆಯ ಉದ್ದವನ್ನು ಹೇಳಿ ಸುಮ್ಮನಾಗುತ್ತಾರೆ. ವಾಸ್ತವವಾಗಿ ಮೂರು ಅಳತೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು ನಳಿಗೆಯ ಉದ್ದ. ಇದು ಆಯುಧವನ್ನು ಎಲ್ಲಿ ಒಯ್ಯಬಹುದೆಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ನಳಿಗೆಯ ಒಳವ್ಯಾಸ. ಇದು ಗುಂಡಿನ ಗಾತ್ರವನ್ನೂ ಮದ್ದಿನ ಹೊಡೆತವನ್ನೂ ನಿರ್ಧರಿಸುತ್ತದೆ. ಮೂರನೆಯದು ಹಿಡಿಯ ಹಿಂಬದಿಯಿಂದ ಕುದುರೆಯವರೆಗಿನ ದೂರ. ಕುದುರೆ ಎಂದರೆ ಬೆರಳಿನಿಂದ ಎಳೆಯುವ ಕೊಂಡಿ. ಈ ಮೂರನೆಯ ಅಳತೆಯನ್ನು ಗ್ರಂಥಗಳು ವಿರಳವಾಗಿ ಕೊಡುತ್ತವೆ. ಆದರೆ ಆಯುಧವು ಒಬ್ಬನ ಕೈಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಇದೇ. ನಳಿಗೆ ಎಷ್ಟೇ ಗಿಡ್ಡವಾಗಿರಲಿ, ತೋರುಬೆರಳು ಕುದುರೆಯನ್ನು ಸರಿಯಾಗಿ ಮುಟ್ಟದಿದ್ದರೆ ಆ ಪಿಸ್ತೂಲು ಆ ಕೈಗೆ ದೊಡ್ಡದೇ.

ಹದಿನೆಂಟನೆಯ ಶತಮಾನದ ಮಾದರಿಗಳನ್ನು ಮೊದಲ ಎರಡು ಅಳತೆಗಳಿಂದ ಹೋಲಿಸಿ ನೋಡಬಹುದು. ಬ್ರಿಟಿಷ್ ಸೇನೆಯ ಭಾರಿ ಕುದುರೆಪಡೆಗೆ ನಿಗದಿಯಾಗಿದ್ದ ಪಿಸ್ತೂಲಿನ ನಳಿಗೆ ೧೨ ಅಂಗುಲ, ಒಳವ್ಯಾಸ ಸುಮಾರು ೦.೫೬ ಅಂಗುಲ. ಹಡಗಿನವರ ಪಿಸ್ತೂಲು ಕೂಡ ಹೆಚ್ಚುಕಡಿಮೆ ಇದೇ ಅಳತೆಯದು. ಶತಮಾನದ ಮಧ್ಯದಲ್ಲಿ ಹಗುರ ಕುದುರೆಪಡೆಗಳು ಬಳಕೆಗೆ ಬಂದಾಗ ನಳಿಗೆಯನ್ನು ೯ ಅಂಗುಲಕ್ಕೆ ಇಳಿಸಿದರು. ಒಳವ್ಯಾಸವನ್ನು ಮಾತ್ರ ೦.೬೫ ಅಂಗುಲಕ್ಕೆ ಹೆಚ್ಚಿಸಿ ಆ ಪಡೆಯ ಗಿಡ್ಡ ಬಂದೂಕಿಗೆ ಸಮನಾಗಿಸಿದರು. ಈ ಬದಲಾವಣೆಯ ತರ್ಕವನ್ನು ವಾಚಕರು ಗಮನಿಸಬೇಕು. ಕುದುರೆಯ ಮೇಲೆ ಉದ್ದವಾದುದನ್ನು ಹೊರಸೆಳೆಯುವುದು ಕಷ್ಟ, ಆದುದರಿಂದ ಉದ್ದ ಇಳಿಯಿತು. ಎರಡು ಆಯುಧಗಳಿಗೂ ಒಂದೇ ಗುಂಡು ಸಾಕಾದರೆ ಸರಬರಾಜು ಸುಲಭ, ಆದುದರಿಂದ ಒಳವ್ಯಾಸ ಏರಿತು. ಫ್ರೆಂಚರ ೧೭೭೭ರ ಮಾದರಿಯಲ್ಲಿ ನಳಿಗೆಯು ಇನ್ನೂ ಗಿಡ್ಡವಾಗಿ ಸುಮಾರು ಏಳೂವರೆ ಅಂಗುಲಕ್ಕೆ ಬಂದಿತು. ಇವುಗಳೆದುರಿಗೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವ ಚಿಕ್ಕ ಪಿಸ್ತೂಲುಗಳ ನಳಿಗೆ ಎರಡು ಮೂರು ಅಂಗುಲ ಮಾತ್ರ. ಹೋಲಿಕೆಗೆ ಹೇಳುವುದಾದರೆ, ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹೊತ್ತ ಇಂಡಿಯಾ ಪ್ಯಾಟರ್ನ್ ಬಂದೂಕಿನ ನಳಿಗೆಯೇ ೩೯ ಅಂಗುಲ.

ಹೀಗೆ ಅಳತೆಯ ಹಿಂದೆ ಇರುವುದು ಹಿಡಿಯುವವನ ಕೈಯೊಂದೇ ಅಲ್ಲ. ಒಯ್ಯುವ ಜಾಗ, ಗುಂಡಿನ ಸರಬರಾಜು, ಕುದುರೆಯ ಓಟ, ಇವೆಲ್ಲವೂ ಸೇರಿ ಅಳತೆಯನ್ನು ತೀರ್ಮಾನಿಸಿದುವು. ಕೈಯ ಲೆಕ್ಕ ಬಂದದ್ದು ಕೊನೆಯಲ್ಲಿ.

೩. ಕೀಲು ಬಲಕ್ಕೇ ಏಕೆ?

ಆ ಕಾಲದ ಪಿಸ್ತೂಲು ಚಕಮಕಿಯ ಕೀಲಿನಿಂದ ನಡೆಯುವಂಥದು. ಕೀಲಿನ ಹೊರಮೈಯಲ್ಲಿ ಸುತ್ತಿಗೆಯಂಥ ಒಂದು ಅಂಗವಿದ್ದು, ಅದರ ದವಡೆಗಳ ನಡುವೆ ಚಕಮಕಿ ಕಲ್ಲನ್ನು ಬಿಗಿದಿರುತ್ತಾರೆ. ಅದರ ಮುಂದೆ ಒಂದು ಚಿಕ್ಕ ಬಟ್ಟಲು. ಬಟ್ಟಲಿನಲ್ಲಿ ರಂಜಕ, ಎಂದರೆ ಕಿಡಿ ಹಿಡಿಯುವ ನಯವಾದ ಮದ್ದು. ಬಟ್ಟಲಿನ ಮೇಲೆ ಉಕ್ಕಿನ ಮುಚ್ಚಳ. ಕುದುರೆಯನ್ನು ಎಳೆದಾಗ ಒಳಗಿನ ಬಿಲ್ಲುಪಟ್ಟಿಯ ಬಲದಿಂದ ಸುತ್ತಿಗೆಯು ಮುಂದಕ್ಕೆ ಬಿದ್ದು, ಕಲ್ಲು ಉಕ್ಕನ್ನು ಉಜ್ಜಿ ಕಿಡಿಯೆಬ್ಬಿಸುತ್ತದೆ. ಅದೇ ಏಟಿಗೆ ಮುಚ್ಚಳ ತೆರೆದು ಕಿಡಿಗಳು ರಂಜಕದ ಮೇಲೆ ಬೀಳುತ್ತವೆ. ಆ ಉರಿಯು ನಳಿಗೆಯ ಪಕ್ಕದಲ್ಲಿ ಕೊರೆದ ಕಿರುರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಈ ರಂಧ್ರವನ್ನು ಕಿವಿ ಎನ್ನುವುದುಂಟು. ಸುತ್ತಿಗೆಯನ್ನು ಅರ್ಧ ಎತ್ತಿ ನಿಲ್ಲಿಸಿದರೆ ಕುದುರೆಯನ್ನು ಎಳೆದರೂ ಬೀಳುವುದಿಲ್ಲ. ಬಹುಪಾಲು ಪಿಸ್ತೂಲುಗಳಲ್ಲಿ ಅದೊಂದೇ ರಕ್ಷಣೆ. ಪೂರ್ತಿ ಎತ್ತಿದರೆ ಹಾರಿಸುವ ಸ್ಥಿತಿ.

ಬಟ್ಟಲು, ಕಿವಿ, ಸುತ್ತಿಗೆಗಳೆಲ್ಲ ನಳಿಗೆಯ ಒಂದು ಪಕ್ಕದಲ್ಲಿರುವುದರಿಂದ ಈ ಯಂತ್ರಕ್ಕೆ ಎಡಬಲದ ಭೇದ ಅನಿವಾರ್ಯ. ಯುರೋಪಿನ ಪದ್ಧತಿಯಲ್ಲಿ ಕೀಲು ಬಲಪಕ್ಕಕ್ಕೆ ನಿಂತಿತು. ಕಾರಣವು ಗುರಿಯಿಡುವುದಕ್ಕಿಂತ ಹೆಚ್ಚಾಗಿ ತುಂಬುವುದರಲ್ಲಿದೆ. ಬಲಗೈಯವನು ಆಯುಧವನ್ನು ಎಡಗೈಯಲ್ಲಿ ಆತುಕೊಂಡು, ಬಲಗೈಯಿಂದ ತೋಟೆಯನ್ನು ಹರಿದು ರಂಜಕವನ್ನು ಹಾಕುತ್ತಾನೆ, ಮುಚ್ಚಳವನ್ನು ಮುಚ್ಚುತ್ತಾನೆ, ಸುತ್ತಿಗೆಯನ್ನು ಎತ್ತುತ್ತಾನೆ. ಬಟ್ಟಲು ಬಲಕ್ಕಿದ್ದರೆ ಈ ಕೆಲಸಗಳೆಲ್ಲ ನೇರವಾಗಿ ನಡೆಯುತ್ತವೆ. ಭುಜಕ್ಕೆ ಆನಿಸುವ ಉದ್ದ ಬಂದೂಕಿನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಬಲಭುಜಕ್ಕಿಟ್ಟವನ ಮುಖಕ್ಕೂ ಬಟ್ಟಲಿನ ಉರಿಗೂ ನಡುವೆ ನಳಿಗೆಯು ಅಡ್ಡವಿರುತ್ತದೆ. ಅದೇ ಬಂದೂಕನ್ನು ಎಡಚನು ಎಡಭುಜಕ್ಕಿಟ್ಟರೆ ಬಟ್ಟಲಿನ ಉರಿಯೂ ಕಿಡಿಯೂ ಅವನ ಮುಖದ ಮುಂದೆಯೇ ಏಳುತ್ತವೆ. ಸಾಲಿನಲ್ಲಿ ನಿಂತು ಒಂದೇ ಕೂಗಿಗೆ ಒಂದೇ ಚಲನೆಯನ್ನು ಮಾಡಬೇಕಾದ ಕವಾಯತಿನಲ್ಲಿ ಎಡಚನಿಗೆ ಸ್ಥಾನವಿರಲಿಲ್ಲ. ಅವನು ಬಲಗೈಯವನಂತೆ ನಡೆಯಬೇಕಾಗಿತ್ತು. ಮನುಷ್ಯರಲ್ಲಿ ಸುಮಾರು ಹತ್ತರಲ್ಲೊಬ್ಬರು ಎಡಗೈಯವರು. ಹೈದರನ ಪದಾತಿಗಳಲ್ಲಿಯೂ ಕಂಪನಿಯ ಸಿಪಾಯಿಗಳಲ್ಲಿಯೂ ಅಂಥವರು ನೂರಾರು ಮಂದಿ ಇದ್ದಿರಲೇಬೇಕು. ಆದರೆ ಅವರು ಹೊತ್ತ ಬಂದೂಕುಗಳನ್ನು ನೋಡಿ ಅವರ ಇರವನ್ನು ಊಹಿಸಲು ಸಾಧ್ಯವೇ ಇಲ್ಲ.

ತೋಳನ್ನು ಚಾಚಿ ಹಾರಿಸುವ ಪಿಸ್ತೂಲಿನಲ್ಲಿ ಉರಿಯ ತೊಂದರೆ ಕಡಮೆ. ಆದರೂ ಕೀಲು ಬಲಕ್ಕೇ ಉಳಿಯಿತು, ಏಕೆಂದರೆ ತುಂಬುವ ಕೈ ಅದೇ, ಮಾಡುವ ಕಮ್ಮಾರನ ಅಭ್ಯಾಸವೂ ಅದೇ. ಈ ನಿಯಮಕ್ಕೆ ಹೊರತಾಗಿ ನಿಂತವು ಜೇಬಿನ ಪಿಸ್ತೂಲುಗಳು. ಅವುಗಳಲ್ಲಿ ಕೀಲನ್ನು ಪಕ್ಕದಲ್ಲಿಡದೆ ನಳಿಗೆಯ ಹಿಂದೆ, ನಡುಮಧ್ಯದಲ್ಲಿ, ಪೆಟ್ಟಿಗೆಯಂಥ ಕವಚದೊಳಗೆ ಇಟ್ಟರು; ಸುತ್ತಿಗೆಯೂ ನಡುವೆಯೇ ನಿಂತಿತು. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂಬುದು ಇದರ ಪ್ರಯೋಜನ. ಎಡಚನಿಗಾಗಿ ಯೋಚಿಸಿ ಮಾಡಿದ ಏರ್ಪಾಟು ಇದಲ್ಲ. ಆದರೆ ಎರಡು ಕೈಗಳಿಗೂ ಸಮನಾದ ಆಯುಧವು ಇದರ ಫಲವಾಗಿ ತಾನಾಗಿಯೇ ದೊರೆಯಿತು.

೪. ಶ್ರೀರಂಗಪಟ್ಟಣದ ಜೋಡಿಗಳು

ಒಂದು ಸಲ ತುಂಬಿದರೆ ಒಂದೇ ಗುಂಡು ಹಾರುವ ಕಾಲದಲ್ಲಿ ಪಿಸ್ತೂಲುಗಳನ್ನು ಜೋಡಿಯಾಗಿ ಮಾಡಿಸುವುದು ಸಹಜವಾಗಿತ್ತು. ಎರಡಿದ್ದರೆ ಎರಡು ಹೊಡೆತ. ತಡಿಯ ಮುಂದೆ ಎಡಕ್ಕೊಂದು ಬಲಕ್ಕೊಂದು ಒರೆ. ಯುರೋಪಿನ ಸವಾರನು ಕಡಿವಾಣವನ್ನು ಎಡಗೈಯಲ್ಲಿ ಹಿಡಿದು ಎರಡು ಪಿಸ್ತೂಲುಗಳನ್ನೂ ಒಂದಾದ ಮೇಲೊಂದರಂತೆ ಬಲಗೈಯಿಂದಲೇ ಬಳಸುತ್ತಿದ್ದನು. ಆದುದರಿಂದ ಅಲ್ಲಿಯ ಜೋಡಿಗಳಲ್ಲಿ ಸಾಮಾನ್ಯವಾಗಿ ಎರಡರ ಕೀಲೂ ಬಲಕ್ಕೇ ಇರುತ್ತದೆ. ದ್ವಂದ್ವಯುದ್ಧಕ್ಕೆಂದು ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ ಪ್ರಸಿದ್ಧ ಜೋಡಿಗಳೂ ಹಾಗೆಯೇ.

ಟೀಪೂವಿನ ಅರಮನೆಯ ಆಯುಧಶಾಲೆಯಿಂದ ಬಂದ ಜೋಡಿಗಳಲ್ಲಿ ಇದಕ್ಕೆ ಭಿನ್ನವಾದ ಕ್ರಮ ಕಾಣುತ್ತದೆ. ಒಂದರ ಕೀಲು ಬಲಕ್ಕೆ, ಇನ್ನೊಂದರದು ಎಡಕ್ಕೆ. ಒಂದು ಮತ್ತೊಂದರ ಕನ್ನಡಿಯ ಬಿಂಬದಂತೆ. ಇವು ವಿದೇಶದಿಂದ ತರಿಸಿದವಲ್ಲ. ಟೀಪೂ ತನ್ನ ರಾಜ್ಯದಲ್ಲಿ ಆಯುಧದ ಕಾರ್ಖಾನೆಗಳನ್ನು ಸ್ಥಾಪಿಸಿದ್ದನು. ಫ್ರಾನ್ಸಿಗೆ ಕಳುಹಿಸಿದ ನಿಯೋಗವು ೧೭೮೮ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡಾಗ ಕುಶಲ ಕರ್ಮಿಗಳನ್ನು ಕೊಡಬೇಕೆಂಬುದೂ ಅದರ ಬೇಡಿಕೆಗಳಲ್ಲೊಂದಾಗಿತ್ತು. ಈ ಕಾರ್ಖಾನೆಗಳ ಬಂದೂಕುಗಳ ಮೇಲೆ ಮಾಡಿದ ಊರು, ವರ್ಷ, ಕೆಲವೊಮ್ಮೆ ಕುಶಲಕರ್ಮಿಯ ಹೆಸರು ಪಾರಸಿಯಲ್ಲಿ ಕೆತ್ತಿರುವುದುಂಟು. ಶ್ರೀರಂಗಪಟ್ಟಣದಲ್ಲಿ ಕೆಲಸ ಮಾಡಿದ ಸಯ್ಯದ್ ಮಾಸೂಮನ ಹೆಸರು ನಮಗೆ ತಿಳಿದಿರುವುದು ಹೀಗೆಯೇ. ಹುಲಿಯ ಪಟ್ಟೆಯ ಅಲಂಕಾರ, ಹೈದರನ ಹೆಸರಿನ ಮುದ್ರೆ, ೧೭೮೭ರ ಸುಮಾರಿನಿಂದ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷ, ಇವು ಇವುಗಳ ಗುರುತುಗಳು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಕೊಳ್ಳೆಯಾಗಿ ಹಂಚಿಹೋದುವು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕರು ಇವುಗಳ ಬಗೆಗೆ ೧೯೯೨ರಲ್ಲಿ ಒಂದು ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು. ಅವರ ಸಂಗ್ರಹವು ೨೦೦೫ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು; ೨೦೧೫ರ ಏಪ್ರಿಲ್ ತಿಂಗಳಲ್ಲಿ ಅದೇ ನಗರದಲ್ಲಿ ಟೀಪೂವಿನ ಆಯುಧಗಳ ಮತ್ತೊಂದು ದೊಡ್ಡ ಹರಾಜು ನಡೆಯಿತು.

ಎಡಕ್ಕೆ ಕೀಲಿಡುವುದು ಅಲಂಕಾರದ ಚಿಕ್ಕ ಬದಲಾವಣೆಯೆಂದು ತಿಳಿಯಬಾರದು. ಬಲದ ಕೀಲನ್ನು ಬಿಚ್ಚಿ ಎಡಕ್ಕೆ ಕೂರಿಸಲು ಬರುವುದಿಲ್ಲ. ಕೀಲಿನ ತಗಡು, ಸುತ್ತಿಗೆ, ಬಟ್ಟಲು, ಉಕ್ಕಿನ ಮುಚ್ಚಳ, ಒಳಗಿನ ಬಿಲ್ಲುಪಟ್ಟಿ ಮತ್ತು ಅದನ್ನು ತಡೆದು ನಿಲ್ಲಿಸುವ ಕಚ್ಚು, ಇವೆಲ್ಲವನ್ನೂ ತಿರುವುಮುರುವಾಗಿ ಹೊಸದಾಗಿ ಮಾಡಬೇಕು. ನಳಿಗೆಯ ಕಿವಿಯನ್ನು ಎಡಕ್ಕೆ ಕೊರೆಯಬೇಕು. ಮರದ ಮೈಯಲ್ಲಿ ಎಡಪಕ್ಕವನ್ನು ಅಗೆದು ಕೀಲಿಗೆ ಜಾಗ ಮಾಡಬೇಕು. ಒಂದು ಭಾಗ ಮುರಿದರೆ ಬಲದ ಕೀಲಿನ ಭಾಗ ಅಲ್ಲಿಗೆ ಉಪಯೋಗಕ್ಕೆ ಬಾರದು. ಆದುದರಿಂದ ಎಡದ ಕೀಲು ಒಂದು ಸಂಗತಿಯನ್ನು ನಿಸ್ಸಂದೇಹವಾಗಿ ಹೇಳುತ್ತದೆ: ಇದು ಯಾರದೋ ಆಜ್ಞೆಯಿಂದ, ಖರ್ಚನ್ನೂ ಶ್ರಮವನ್ನೂ ಲೆಕ್ಕಿಸದೆ, ಉದ್ದೇಶಪೂರ್ವಕವಾಗಿ ಮಾಡಿದ ಕೆಲಸ, ಮತ್ತು ಅದನ್ನು ಮಾಡಬಲ್ಲ ಕೈಗಳು ಆಗ ಶ್ರೀರಂಗಪಟ್ಟಣದಲ್ಲಿದ್ದುವು.

೫. ಎಡಚನೆಂಬ ಊಹೆಯ ಪರೀಕ್ಷೆ

ಎಡದ ಕೀಲನ್ನು ಕಂಡೊಡನೆ ಒಡೆಯನು ಎಡಚನಾಗಿರಬೇಕೆಂಬ ಊಹೆ ಮನಸ್ಸಿಗೆ ಬರುವುದು ಸ್ವಾಭಾವಿಕ. ಆದರೆ ಇದು ತರ್ಕದ ಮೊದಲ ಪರೀಕ್ಷೆಯಲ್ಲಿಯೇ ಬಿದ್ದುಹೋಗುತ್ತದೆ. ಎಡಚನಾದವನು ತನಗಾಗಿ ಜೋಡಿಯನ್ನು ಮಾಡಿಸಿದರೆ ಎರಡಕ್ಕೂ ಎಡದ ಕೀಲನ್ನೇ ಇಡಿಸಬೇಕಾಗಿತ್ತು, ಬಲಗೈಯವನು ಎರಡಕ್ಕೂ ಬಲದ ಕೀಲನ್ನು ಇಡಿಸುವಂತೆ. ಒಂದು ಎಡ ಒಂದು ಬಲವಾಗಿರುವ ಜೋಡಿಯು ಯಾವೊಂದು ಕೈಯ ಪಕ್ಷವನ್ನೂ ವಹಿಸುವುದಿಲ್ಲ. ಅದು ಎಡಗೈಗೆ ಸಾಕ್ಷಿಯಾದಷ್ಟೇ ಬಲಗೈಗೂ ಸಾಕ್ಷಿ.

ಹಾಗಾದರೆ ಉಳಿಯುವ ವಿವರಣೆಗಳು ಮೂರು. ಒಂದು, ಎರಡು ಕೈಗಳಲ್ಲಿ ಎರಡನ್ನೂ ಹಿಡಿಯುವ ಉದ್ದೇಶ. ನಮ್ಮ ಕಾವ್ಯಪರಂಪರೆಯಲ್ಲಿ ಎರಡು ಕೈಗಳಿಂದಲೂ ಗಾಂಡೀವವನ್ನು ಸೆಳೆಯಬಲ್ಲ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರುಂಟು. ಎರಡು ಕೈಗಳ ಸಮಾನ ಕೌಶಲವು ವೀರನ ಲಕ್ಷಣವೆಂಬ ಭಾವನೆ ಈ ನಾಡಿಗೆ ಹೊಸತಲ್ಲ. ಎರಡು, ಒಯ್ಯುವ ಅನುಕೂಲ. ಸೊಂಟದ ಎರಡು ಪಕ್ಕಗಳಲ್ಲಿ ಅಥವಾ ತಡಿಯ ಎರಡು ಒರೆಗಳಲ್ಲಿ ಇಟ್ಟಾಗ, ಕನ್ನಡಿಬಿಂಬದ ಜೋಡಿಯಾದರೆ ಎರಡರ ಚಪ್ಪಟೆಯಾದ ಪಕ್ಕವೂ ಒಳಕ್ಕೆ ತಿರುಗಿ, ಚಾಚಿಕೊಂಡಿರುವ ಕೀಲುಗಳು ಹೊರಕ್ಕೆ ಬರುತ್ತವೆ. ಬಟ್ಟೆಗೂ ಮೈಗೂ ಸಿಕ್ಕಿಕೊಳ್ಳುವುದಿಲ್ಲ. ಮೂರು, ಸಮತೆಯ ಸೌಂದರ್ಯ. ಅರಮನೆಯ ಬಾಗಿಲಿನ ಎರಡು ಕಡೆಗೂ ಒಂದೇ ಬಗೆಯ ಹುಲಿಯನ್ನು ನಿಲ್ಲಿಸುವಾಗ ಎರಡೂ ಒಂದೇ ದಿಕ್ಕಿಗೆ ನೋಡುವುದಿಲ್ಲ, ಒಂದರ ಕಡೆಗೊಂದು ನೋಡುತ್ತವೆ. ಜೋಡಿಯೆಂಬ ಭಾವನೆಯು ಇಲ್ಲಿ ಪುನರಾವೃತ್ತಿಯಲ್ಲ, ಪ್ರತಿಬಿಂಬ.

ಈ ಕ್ರಮ ಟೀಪೂವಿಗೆ ಮೊದಲೇ ಬೇರೆಡೆಯಲ್ಲಿಯೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಕಾಟ್ಲೆಂಡಿನ ಕಮ್ಮಾರರು ಮಾಡಿದ ಜೋಡಿಗಳಲ್ಲಿ ಹಲವು ಹೀಗೆಯೇ ಎಡಬಲದ ಕೀಲುಗಳನ್ನು ಹೊಂದಿವೆ. ಅವುಗಳ ಕೀಲಿಲ್ಲದ ಪಕ್ಕದಲ್ಲಿ ನಡುಪಟ್ಟಿಗೆ ಸಿಕ್ಕಿಸುವ ಕೊಂಡಿಯಿದೆ. ಅಲ್ಲಿ ಕೊಂಡಿಯೇ ಕಾರಣವನ್ನು ಹೇಳುತ್ತದೆ: ಸೊಂಟದ ಎಡಬಲಗಳಲ್ಲಿ ಕೀಲು ಹೊರಕ್ಕಿರಬೇಕು. ಆ ಜೋಡಿಗಳನ್ನು ನೋಡಿ ಸ್ಕಾಟ್ಲೆಂಡಿನ ಸರದಾರರೆಲ್ಲ ಎಡಚರೆಂದು ಯಾರೂ ಹೇಳುವುದಿಲ್ಲ.

ಆಯುಧದ ರೂಪದಿಂದ ಒಡೆಯನ ಕೈಯನ್ನು ಊಹಿಸುವ ಪ್ರವೃತ್ತಿಯು ಎಷ್ಟು ಸುಲಭವಾಗಿ ದಾರಿತಪ್ಪಿಸುತ್ತದೆಂಬುದಕ್ಕೆ ಅಮೆರಿಕದ ಒಂದು ದೃಷ್ಟಾಂತವುಂಟು. ೧೮೭೩ರ ಪ್ರಸಿದ್ಧ ಕೋಲ್ಟ್ ರಿವಾಲ್ವರಿನಲ್ಲಿ ತೋಟೆ ತುಂಬುವ ಬಾಗಿಲು ಬಲಪಕ್ಕದಲ್ಲಿದೆ. ಆಯುಧವನ್ನು ಎಡಗೈಯಲ್ಲಿ ಹಿಡಿದವನು ಅದನ್ನು ಕೈ ಬದಲಾಯಿಸದೆ ಬಲಗೈಯಿಂದ ತುಂಬಬಹುದು. ಆದುದರಿಂದ ಸ್ಯಾಮ್ಯುಯೆಲ್ ಕೋಲ್ಟನು ಎಡಚನಾಗಿದ್ದನೆಂಬ ಕಥೆ ಬಂದೂಕು ಪ್ರಿಯರಲ್ಲಿ ಹರಡಿದೆ. ಆದರೆ ಕೋಲ್ಟನು ೧೮೬೨ರಲ್ಲಿಯೇ ತೀರಿಕೊಂಡಿದ್ದನು. ೧೮೭೩ರ ಮಾದರಿಯು ಅವನ ಮರಣಾನಂತರ ಕಂಪನಿಯ ಕುಶಲಿಗಳು ರೂಪಿಸಿದುದು. ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದೊಡನೆ ಕಥೆ ಕುಸಿಯುತ್ತದೆ. ಇಂಥ ಇನ್ನೊಂದು ಆಕರ್ಷಣೆಯ ವಿಷಯದಲ್ಲಿಯೂ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಟೀಪೂವಿನ ನಾಣ್ಯಗಳಲ್ಲಿ ಮೌಲೂದಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಅವನ ಆಡಳಿತದ ಒಂದು ಏರ್ಪಾಟು; ಬರೆಯುವ ಕೈಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ವಸ್ತುವಿನಿಂದ ಏನನ್ನೂ ತಿಳಿಯಲಾಗದೆ? ಹಾಗಲ್ಲ. ಜೋಡಿಯ ಎರಡು ಪಿಸ್ತೂಲುಗಳನ್ನೂ ಹೋಲಿಸಿ ನೋಡಿದರೆ ಸವೆತವು ಕೆಲವು ಮಾತುಗಳನ್ನು ಹೇಳಬಲ್ಲುದು. ಉಕ್ಕಿನ ಮುಚ್ಚಳದ ಮೇಲೆ ಕಲ್ಲು ಉಜ್ಜಿದ ಗೀರುಗಳು ಎರಡರಲ್ಲಿಯೂ ಸಮನಾಗಿದ್ದರೆ, ಕಿವಿಯ ಅಂಚು ಎರಡರಲ್ಲಿಯೂ ಉರಿಯಿಂದ ತಿಂದುಹೋಗಿದ್ದರೆ, ಎರಡೂ ಬಳಕೆಯಲ್ಲಿದ್ದುವೆನ್ನಬಹುದು. ಒಂದು ಮಾತ್ರ ಸವೆದು ಇನ್ನೊಂದು ಹೊಸತರಂತಿದ್ದರೆ, ಯಾವುದು ಕೆಲಸ ಮಾಡಿತು, ಯಾವುದು ಜೊತೆಗಾಗಿ ನಿಂತಿತ್ತು ಎಂಬುದು ತಿಳಿಯುತ್ತದೆ. ಎರಡೂ ಸವೆಯದೆ ಉಳಿದಿದ್ದರೆ ಅವು ದರ್ಬಾರಿನ ಆಯುಧಗಳು. ಹೀಗೆ ಕೀಲಿನ ಪಕ್ಕವು ಮಾಡಿಸಿದವನ ಉದ್ದೇಶಕ್ಕೆ ಸಾಕ್ಷಿ, ಸವೆತವು ಬಳಕೆಗೆ ಸಾಕ್ಷಿ. ಒಂದರ ಸಾಕ್ಷ್ಯವನ್ನು ಇನ್ನೊಂದರ ಬಾಯಲ್ಲಿ ಹೇಳಿಸಬಾರದು.

೬. ಈಚಿನ ಕಾಲದ ಕೈಬಂದೂಕುಗಳು

ಚಕಮಕಿ ಹೋಗಿ ತೋಟೆಯ ರಿವಾಲ್ವರು, ತಾನೇ ತುಂಬಿಕೊಳ್ಳುವ ಪಿಸ್ತೂಲು ಬಂದ ಮೇಲೆ ಬಟ್ಟಲಿನ ಉರಿಯ ಸಮಸ್ಯೆ ಹೋಯಿತು. ಆದರೆ ಎಡಬಲದ ಭೇದ ಹೋಗಲಿಲ್ಲ. ಅದು ಕೀಲಿನಿಂದ ಚಿಕ್ಕಚಿಕ್ಕ ಗುಂಡಿಗಳಿಗೂ ಚಿಲಕಗಳಿಗೂ ಸ್ಥಳಾಂತರವಾಯಿತು. ವೆಬ್ಲಿ ರಿವಾಲ್ವರಿನಲ್ಲಿ ನಳಿಗೆಯನ್ನು ಮಡಚಿ ತೆರೆಯುವ ಚಿಲಕ ಎಡಪಕ್ಕದಲ್ಲಿದೆ, ಏಕೆಂದರೆ ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳು ಬರುವುದು ಅಲ್ಲಿಗೆ. ಕಾನ್ಪುರದ ಸರ್ಕಾರಿ ಕಾರ್ಖಾನೆ ತಯಾರಿಸುವ, ಮೂರು ಅಂಗುಲ ನಳಿಗೆಯ ೦.೩೨ ರಿವಾಲ್ವರು ಇದೇ ವಂಶದ್ದು. ಚಿಲಕದ ಜಾಗವೂ ಅದೇ. ಭಾರತದ ಸೇನೆ ಬಳಸಿದ, ಈಶಾಪುರದಲ್ಲಿ ತಯಾರಾದ ೯ ಮಿಲಿಮೀಟರಿನ ಪಿಸ್ತೂಲು ೧೯೩೫ರ ಬ್ರೌನಿಂಗ್ ಮಾದರಿಯನ್ನು ಅನುಸರಿಸಿದುದು. ಅದರಲ್ಲಿ ರಕ್ಷಣೆಯ ಚಿಲಕ, ಮೇಲ್ಗವಚವನ್ನು ತಡೆಯುವ ಕೊಂಡಿ, ತೋಟೆಪೆಟ್ಟಿಗೆಯನ್ನು ಬಿಡಿಸುವ ಗುಂಡಿ ಮೂರೂ ಎಡಪಕ್ಕದಲ್ಲಿವೆ. ಖಾಲಿ ತೋಟೆ ಬಲಕ್ಕೆ ಹಾರುತ್ತದೆ. ಬಲಗೈಯವನಿಗೆ ಹೆಬ್ಬೆರಳೊಂದೇ ಮೂರು ಕೆಲಸಗಳನ್ನೂ ಮಾಡುತ್ತದೆ. ಎಡಚನ ಹೆಬ್ಬೆರಳಾದರೋ ಏನೂ ಇಲ್ಲದ ಬಲಪಕ್ಕದಲ್ಲಿ ನಿಂತಿರುತ್ತದೆ. ಅವನು ತೋರುಬೆರಳನ್ನು ಹಿಂದಕ್ಕೆ ತಂದು ಚಿಲಕವನ್ನು ಒತ್ತಬೇಕು, ಇಲ್ಲವೆ ಹಿಡಿತವನ್ನು ಸಡಿಲಿಸಿ ಇನ್ನೊಂದು ಕೈಯ ನೆರವು ಪಡೆಯಬೇಕು. ತೋಟೆಪೆಟ್ಟಿಗೆಯ ಗುಂಡಿಯನ್ನು ಮಾತ್ರ ಅವನ ತೋರುಬೆರಳು ಅಷ್ಟೇನೂ ಕಷ್ಟವಿಲ್ಲದೆ ಒತ್ತಬಲ್ಲುದು.

ಕೈಯ ಲೆಕ್ಕ ತಯಾರಕರ ಕಾಗದದ ಮೇಲೆ ಸ್ಪಷ್ಟವಾಗಿ ಬಂದದ್ದು ಬಹಳ ತಡವಾಗಿ. ಆಸ್ಟ್ರಿಯದ ಸೇನೆ ೧೯೮೨ರಲ್ಲಿ ಅಂಗೀಕರಿಸಿದ ಗ್ಲಾಕ್ಪಿಸ್ತೂಲನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಹೆಬ್ಬೆರಳಿನ ರಕ್ಷಣೆಯ ಚಿಲಕವೇ ಇಲ್ಲ. ರಕ್ಷಣೆಯು ಕುದುರೆಯೊಳಗೇ ಅಡಗಿದೆ. ೨೦೧೦ರ ನಾಲ್ಕನೆಯ ಪೀಳಿಗೆಯಲ್ಲಿ ತೋಟೆಪೆಟ್ಟಿಗೆಯ ಗುಂಡಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಿಕೊಳ್ಳುವ ಅನುಕೂಲವೂ, ಹಿಡಿಯ ಹಿಂಬದಿಗೆ ಬೇರೆಬೇರೆ ದಪ್ಪದ ತುಂಡುಗಳನ್ನು ಹಾಕಿಕೊಳ್ಳುವ ಅನುಕೂಲವೂ ಬಂದುವು. ೨೦೧೭ರ ಐದನೆಯ ಪೀಳಿಗೆಯಲ್ಲಿ ಮೇಲ್ಗವಚದ ಕೊಂಡಿಯನ್ನು ಎರಡು ಪಕ್ಕಗಳಲ್ಲಿಯೂ ಇಟ್ಟರು. ಇದೇ ಕಂಪನಿಯ ದೊಡ್ಡ, ಮಧ್ಯಮ, ಚಿಕ್ಕ ಮಾದರಿಗಳ ನಳಿಗೆಗಳು ಕ್ರಮವಾಗಿ ಸುಮಾರು ೧೧೪, ೧೦೨, ೮೭ ಮಿಲಿಮೀಟರು. ಹಿಡಿಯ ಎತ್ತರವೂ ಹಾಗೆಯೇ ಇಳಿಯುತ್ತದೆ. ಆದರೆ ಹಿಡಿಯ ಹಿಂಬದಿಯಿಂದ ಕುದುರೆಯವರೆಗಿನ ದೂರ ಮಾತ್ರ ಅಷ್ಟಾಗಿ ಕಡಮೆಯಾಗುವುದಿಲ್ಲ. ಹಿಂದೆ ಹೇಳಿದ ಮೂರನೆಯ ಅಳತೆಯ ಮಹತ್ವ ಇಲ್ಲಿ ಕಾಣುತ್ತದೆ: ಗಿಡ್ಡ ಪಿಸ್ತೂಲು ಒಯ್ಯಲು ಚಿಕ್ಕದು, ಹಿಡಿಯಲು ಚಿಕ್ಕದಾಗಿರಲೇಬೇಕೆಂಬ ನಿಯಮವಿಲ್ಲ. ದಪ್ಪವನ್ನು ಬದಲಾಯಿಸುವ ತುಂಡುಗಳ ಏರ್ಪಾಟು ಬಂದದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ.

ಕೈಗೆ ಪೂರ್ಣ ಮನ್ನಣೆ ದೊರೆತಿರುವುದು ಯುದ್ಧದಲ್ಲಲ್ಲ, ಕ್ರೀಡೆಯಲ್ಲಿ. ಹತ್ತು ಮೀಟರ್ ಗಾಳಿಪಿಸ್ತೂಲಿನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಒಂದೇ ಕೈಯಿಂದ ಹಾರಿಸಬೇಕು. ಆಯುಧವು ೪೨೦, ೨೦೦, ೫೦ ಮಿಲಿಮೀಟರುಗಳ ಪೆಟ್ಟಿಗೆಯಲ್ಲಿ ಹಿಡಿಸಬೇಕು, ತೂಕ ೧೫೦೦ ಗ್ರಾಮನ್ನು ಮೀರಬಾರದು, ಕುದುರೆಯ ಎಳೆತ ೫೦೦ ಗ್ರಾಮಿಗಿಂತ ಕಡಮೆಯಿರಬಾರದು. ಈ ಮಿತಿಗಳೊಳಗೆ ಹಿಡಿಯನ್ನು ಎಡಗೈಗೆ ಬೇರೆ, ಬಲಗೈಗೆ ಬೇರೆ, ಒಬ್ಬೊಬ್ಬರ ಅಂಗೈಯ ಆಕಾರಕ್ಕೆ ತಕ್ಕಂತೆ ಕೆತ್ತಿಸಿಕೊಳ್ಳಬಹುದು. ಒಬ್ಬನಿಗೆ ಒಂದು ಆಯುಧ ಎಂಬ ಈ ಕ್ರಮವು ಶ್ರೀರಂಗಪಟ್ಟಣದ ಕಾರ್ಖಾನೆಯ ದೊರೆಯ ಜೋಡಿಗೆ ಹತ್ತಿರವಾದುದು; ಅಂದು ಒಬ್ಬ ಸುಲ್ತಾನನಿಗೆ ದೊರಕಿದ್ದು ಇಂದು ಒಬ್ಬ ಕ್ರೀಡಾಪಟುವಿಗೆ ದೊರಕುತ್ತದೆ.

೭. ಉಪಸಂಹಾರ

ಒಟ್ಟಿನಲ್ಲಿ ಕೈಬಂದೂಕಿನ ಅಳತೆಯೂ ಕೀಲಿನ ಪಕ್ಕವೂ ಹಾರಿಸಿದ ಕೈಯ ಚರಿತ್ರೆಯನ್ನು ಹೇಳುವುದಿಲ್ಲ. ಮಾಡಿದ ವ್ಯವಸ್ಥೆಯು ಯಾರ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿತೆಂಬುದನ್ನು ಹೇಳುತ್ತವೆ. ಸಾವಿರಾರು ಸಂಖ್ಯೆಯಲ್ಲಿ ಮಾಡುವಾಗ ವ್ಯವಸ್ಥೆಯು ಒಂದು ಕೈಯನ್ನು ಆರಿಸಿಕೊಂಡು ಉಳಿದವರನ್ನು ಅದಕ್ಕೆ ಹೊಂದಿಕೊಳ್ಳಹೇಳುತ್ತದೆ. ಒಬ್ಬನಿಗಾಗಿ ಮಾಡುವಾಗ ಕೈಯೇ ನಿಯಮ. ಇದು ಆಯುಧಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ೧೭೯೧ರ ಸೈನ್ಯ ಹಾದುಹೋದ ಇದೇ ನರಸಾಪುರದ ಸೀಮೆಯಲ್ಲಿ ೨೦೧೩ರಿಂದ ಹೋಂಡಾ ಕಂಪನಿಯ ದ್ವಿಚಕ್ರವಾಹನಗಳ ಕಾರ್ಖಾನೆ ನಡೆಯುತ್ತಿದೆ. ವೇಗದ ಹಿಡಿ ಬಲಗೈಗೆ, ಗೇರಿನ ವಾಹನವಾದರೆ ಕ್ಲಚ್ಚು ಎಡಗೈಗೆ. ಎಡಚನಿಗೆಂದು ಬೇರೆ ವಾಹನ ಹೊರಬರುವುದಿಲ್ಲ, ಅವನು ಅದನ್ನೇ ಕಲಿತು ನಡೆಸುತ್ತಾನೆ. ಮುಂದೆ ಎಂದಾದರೂ ಒಬ್ಬ ಸಂಶೋಧಕನು ಆ ವಾಹನಗಳನ್ನು ಮಾತ್ರ ನೋಡಿ ಈ ಕಾಲದಲ್ಲಿ ಎಡಚರೇ ಇರಲಿಲ್ಲವೆಂದು ಬರೆದರೆ ಅದು ಎಷ್ಟು ತಪ್ಪೋ, ಎಡದ ಕೀಲನ್ನು ನೋಡಿ ಟೀಪೂ ಎಡಚನೆಂದು ಬರೆಯುವುದೂ ಅಷ್ಟೇ ತಪ್ಪು.

ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ಪ್ರಯೋಗಕ್ಕೆ ತರಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಮೈಸೂರು ಅರಮನೆಯ ಆಯುಧಶಾಲೆಯಲ್ಲಿ, ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಸ್ತುಗಳ ಮುಂದೆ ನಿಂತು ನೋಡುವ ಅವಕಾಶವುಂಟು. ಆಯುಧವೊಂದನ್ನು ಕಂಡಾಗ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳುವ ಅಭ್ಯಾಸವಾದರೆ ಸಾಕು: ನಳಿಗೆಯ ಉದ್ದವೆಷ್ಟು, ಹಿಡಿಯಿಂದ ಕುದುರೆಗೆ ದೂರವೆಷ್ಟು, ಕೀಲು ಯಾವ ಪಕ್ಕದಲ್ಲಿದೆ, ಸವೆತ ಎಲ್ಲಿದೆ. ಕತ್ತಿಯ ಹಿಡಿಗೂ ಬರೆಯುವ ಕಂಠಕ್ಕೂ ನೇಗಿಲಿನ ಮೇಣಿಗೂ ಇದೇ ಕ್ರಮ ಅನ್ವಯಿಸುತ್ತದೆ. ದೊರೆಯ ಕೈಗೆ ಮಾಡಿದ ವಸ್ತುಗಳು ಉಳಿದು ಹರಾಜಿನಲ್ಲಿ ಬೆಲೆ ಪಡೆಯುತ್ತವೆ. ಹೆಸರಿಲ್ಲದ ಸಿಪಾಯಿಯ ಎಡಗೈ ಯಾವ ಕೀಲಿನಲ್ಲಿಯೂ ತನ್ನ ಗುರುತನ್ನು ಬಿಟ್ಟುಹೋಗಲಿಲ್ಲ. ಉಳಿದ ವಸ್ತುವಿನ ಮುಂದೆ ನಿಂತಾಗ ಉಳಿಯದ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇತಿಹಾಸವನ್ನು ಓದುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.